ಹೊದಿಕೆಗೆ ಅಂಚು, ಕೆಲಸಕ್ಕೆ ಲೆಕ್ಕ

ಪುಷ್ಯ ಮಾಸದ ಚಳಿ. ಬೆಳಗಿನ ಜಾವ ಹೊರಗೆಲ್ಲ ಮಂಜು. ಹೊದ್ದುಕೊಳ್ಳಲು ಬೆಚ್ಚನೆಯ ಹೊದಿಕೆ ಬೇಕು.

ಮೊದಲು ಮನೆಮನೆಯಲ್ಲೂ ಕರಿ ಕಂಬಳಿ ಇರುತ್ತಿತ್ತು. ಹಳೆ ಸೀರೆಯ ಕೌದಿ ಇರುತ್ತಿತ್ತು. ಈಗ ಸಂತೆಗೆ ಇನ್ನೊಂದು ಹೊದಿಕೆ ಬಂದಿದೆ. ಮುಟ್ಟಿದರೆ ಬೆಕ್ಕಿನ ಮರಿಯ ಹಾಗೆ ಮೆತ್ತಗೆ. ಹೊರಲು ಹಗುರ. ಒಗೆದರೆ ಬೇಗ ಒಣಗುತ್ತದೆ. ಇದರ ಹೆಸರು ಫ್ಲೀಸ್.

ಈ ಹೊದಿಕೆಗೆ ಉಲ್ಲನ್ ದಾರದಿಂದ ಅಂಚು ಹಾಕಬಹುದು. ಕ್ರೋಶ ಕಡ್ಡಿ ಹಿಡಿಯಲು ಬಂದರೆ ಸಾಕು. ಜೊತೆಗೆ ಎಣಿಸಲು ಬರಬೇಕು, ಬರೆದಿಡಲು ಬರಬೇಕು. ಈಗ ನಿಮಗೆ ಎರಡೂ ಬರುತ್ತವೆ. ಬನ್ನಿ, ಕಲಿಯೋಣ.

1. ಫ್ಲೀಸ್ ಎಂದರೆ ಏನು?

ಕಂಬಳಿ ಕುರಿಯ ಉಣ್ಣೆಯದು. ಫ್ಲೀಸ್ ಹಾಗಲ್ಲ. ಇದು ಪಾಲಿಯೆಸ್ಟರ್ ನೂಲಿನ ಬಟ್ಟೆ. ಪಾಲಿಯೆಸ್ಟರ್ ಎಂದರೆ ಒಂದು ಬಗೆಯ ಪ್ಲಾಸ್ಟಿಕ್. ಬಳಸಿ ಬಿಟ್ಟ ನೀರಿನ ಬಾಟಲಿಗಳನ್ನು ಕರಗಿಸಿಯೂ ಈ ನೂಲು ತೆಗೆಯುತ್ತಾರೆ.

ಇದನ್ನು ಕಂಬಳಿಯ ಹಾಗೆ ಮಗ್ಗದಲ್ಲಿ ನೇಯುವುದಿಲ್ಲ. ಬನಿಯನ್ ಬಟ್ಟೆಯ ಹಾಗೆ ಯಂತ್ರದಲ್ಲಿ ಹೆಣೆಯುತ್ತಾರೆ. ಆಮೇಲೆ ಮೇಲಿನ ಎಳೆಗಳನ್ನು ಕೆದಕಿ ನವಿರು ಎಬ್ಬಿಸುತ್ತಾರೆ. ಆ ನವಿರಿನ ನಡುವೆ ಗಾಳಿ ನಿಲ್ಲುತ್ತದೆ. ನಿಂತ ಗಾಳಿ ನಮ್ಮ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಅದಕ್ಕೇ ಹೊದ್ದರೆ ಬೆಚ್ಚಗೆ.

ಫ್ಲೀಸನ್ನು ಕತ್ತರಿಸಿದರೆ ಎಳೆ ಬಿಚ್ಚಿ ಬರುವುದಿಲ್ಲ. ಆದ್ದರಿಂದ ಅಂಚು ಮಡಿಸಿ ಹೊಲಿಯಲೇಬೇಕು ಅಂತಿಲ್ಲ. ಮಡಿಸಿದರೆ ಅಂಚು ದಪ್ಪ ಆಗುತ್ತದೆ. ಹಾಗೇ ಬಿಟ್ಟರೆ ಬೋಳು ಬೋಳು. ಎಳೆದಾಡಿದರೆ ಅಂಚು ಹಿಗ್ಗುತ್ತದೆ. ದಾರದ ಅಂಚು ಹಾಕಿದರೆ ಹೊದಿಕೆ ಗಟ್ಟಿ. ನೋಡಲೂ ಚೆಂದ.

2. ಏನೇನು ಬೇಕು?

ಫ್ಲೀಸ್ ಬಟ್ಟೆ. ಮಗುವಿನ ಹೊದಿಕೆಗೆ 90 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ ಇರಲಿ.

ಉಲ್ಲನ್ ದಾರ, 50 ಗ್ರಾಮಿನ ಒಂದು ಉಂಡೆ. ಅಕ್ರಿಲಿಕ್ ದಾರವೇ ಒಳ್ಳೆಯದು. ಕುರಿ ಉಣ್ಣೆಯ ದಾರ ಒಗೆದಾಗ ಕುಗ್ಗಬಹುದು. ಫ್ಲೀಸ್ ಕುಗ್ಗುವುದಿಲ್ಲ. ಒಂದು ಕುಗ್ಗಿ ಒಂದು ಕುಗ್ಗದಿದ್ದರೆ ಅಂಚು ಸುಕ್ಕಾಗುತ್ತದೆ.

ಕ್ರೋಶ ಕಡ್ಡಿ, 4 ಮಿಲಿಮೀಟರಿನದು. ಕಡ್ಡಿಯ ಮೇಲೆ ಅಂಕಿ ಇರುತ್ತದೆ. ಓದಿ ಕೊಳ್ಳಿ.

ಚೂಪು ಮೂತಿಯ, ದೊಡ್ಡ ಕಣ್ಣಿನ ಸೂಜಿ. ಗೋಣಿ ಹೊಲಿಯುವ ದಬ್ಬಣ ಬೇಡ. ಅದು ದೊಡ್ಡ ತೂತು ಮಾಡುತ್ತದೆ.

ಅಳತೆಯ ಟೇಪು, ಕತ್ತರಿ, ಗುರುತಿಗೆ ಸೀಮೆಸುಣ್ಣ. ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್.

3. ಅಳತೆ ಮತ್ತು ಗುರುತು

ಬಟ್ಟೆಯನ್ನು ನೆಲದ ಮೇಲೆ ಹಾಸಿ. ಎಳೆಯಬೇಡಿ. ಥಾನಿನ ಎರಡು ಪಕ್ಕದಲ್ಲಿ ಗಟ್ಟಿ ಪಟ್ಟಿ ಇರುತ್ತದೆ. ಅದನ್ನು ಕತ್ತರಿಸಿ ತೆಗೆಯಿರಿ. ಆಮೇಲೆ 90 ಮತ್ತು 60 ಅಳೆದು ನೇರವಾಗಿ ಕತ್ತರಿಸಿ.

ಈಗ ಚುಕ್ಕಿ ಇಡಬೇಕು. ಮೊದಲು ನಾಲ್ಕು ಮೂಲೆಯ ಚುಕ್ಕಿ ಇಡಿ. ಮೂಲೆಯ ಚುಕ್ಕಿ ಎರಡೂ ಅಂಚಿನಿಂದ 1 ಸೆಂಟಿಮೀಟರ್ ಒಳಗೆ ಇರಲಿ. ಆಮೇಲೆ ಒಂದು ಮೂಲೆಯ ಚುಕ್ಕಿಯಿಂದ ಇನ್ನೊಂದಕ್ಕೆ ಸಾಲಾಗಿ ಚುಕ್ಕಿ ಇಡುತ್ತಾ ಹೋಗಿ. ಚುಕ್ಕಿಯಿಂದ ಚುಕ್ಕಿಗೆ 1 ಸೆಂಟಿಮೀಟರ್. ಅಂಚಿನಿಂದಲೂ 1 ಸೆಂಟಿಮೀಟರ್ ಒಳಗೆ. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ರಂಗೋಲಿಯಲ್ಲಿ ಚುಕ್ಕಿ ತಪ್ಪಿದರೆ ಎಳೆ ತಪ್ಪುತ್ತದೆ. ಇಲ್ಲೂ ಹಾಗೇ.

4. ಸೂಜಿಯ ಹೊಲಿಗೆ

ಫ್ಲೀಸ್ ಒತ್ತಾದ ಬಟ್ಟೆ. ಕ್ರೋಶ ಕಡ್ಡಿ ಅದರಲ್ಲಿ ಸುಲಭವಾಗಿ ತೂರುವುದಿಲ್ಲ. ಆದ್ದರಿಂದ ಮೊದಲು ಸೂಜಿಯಿಂದ ಸುತ್ತ ಹೊಲಿಯಬೇಕು. ಆ ಹೊಲಿಗೆಯ ಮೇಲೆ ಕ್ರೋಶ ಕೂರುತ್ತದೆ. ಗುಂಡಿಯ ಕಾಜಾ ಹೊಲಿಯುವುದು ನೋಡಿದ್ದೀರಲ್ಲ? ಇದೂ ಅದೇ ಹೊಲಿಗೆ. ಆದರೆ ದೂರ ದೂರ.

ಒಂದು ಮಾರು ಉದ್ದದ ದಾರ ತೆಗೆದುಕೊಳ್ಳಿ. ಸೂಜಿಯನ್ನು ಮೇಲಿನಿಂದ ಚುಕ್ಕಿಗೆ ಚುಚ್ಚಿ. ಬಟ್ಟೆಯ ಕೆಳಗಿನಿಂದ ಅಂಚಿನ ಆಚೆಗೆ ತನ್ನಿ. ಆಗ ದಾರ ಕುಣಿಕೆಯ ಹಾಗೆ ನಿಂತಿರುತ್ತದೆ. ಸೂಜಿಯನ್ನು ಆ ಕುಣಿಕೆಯ ಒಳಗಿಂದ ತೆಗೆದು ನಿಧಾನ ಎಳೆಯಿರಿ. ಬಟ್ಟೆ ಮುದುಡುವಷ್ಟು ಬಿಗಿ ಬೇಡ. ಮುಂದಿನ ಚುಕ್ಕಿಗೂ ಹೀಗೇ ಮಾಡಿ. ದಾರ ಮುಗಿದರೆ ಇನ್ನೊಂದು ಮಾರು ಸೇರಿಸಿ. ತುದಿಗಳನ್ನು ಹೊಲಿಗೆಯ ಅಡಿಗೆ ಸೇರಿಸಿ.

ಮೂಲೆಯ ಚುಕ್ಕಿಗೆ ಮೂರು ಸಲ ಚುಚ್ಚಬೇಕು. ಒಂದು ಸಲ ದಾರ ಈ ಬದಿಗೆ ಬರಲಿ. ಒಂದು ಸಲ ಮೂಲೆಯ ತುದಿಗೆ ಬರಲಿ. ಒಂದು ಸಲ ಆ ಬದಿಗೆ ಬರಲಿ.

ಈಗ ಅಂಚನ್ನು ನೋಡಿ. ನಿಂತ ಗೀಟು ಇವೆ. ಅಂಚಿನ ಉದ್ದಕ್ಕೂ ಅಡ್ಡದಾರ ಇದೆ. ಎರಡು ಗೀಟಿನ ನಡುವಿನ ಜಾಗವನ್ನು ಒಂದು ಮನೆ ಎನ್ನೋಣ. ಚೌಕಾಬಾರದ ಮನೆಯ ಹಾಗೆ.

90 ಸೆಂಟಿಮೀಟರ್ ಬದಿಯಲ್ಲಿ 90 ಮನೆ.
60 ಸೆಂಟಿಮೀಟರ್ ಬದಿಯಲ್ಲಿ 60 ಮನೆ.
90 + 60 + 90 + 60 = 300 ಮನೆ.

ಎಣಿಸಿ ನೋಡಿ. ಒಂದೆರಡು ಹೆಚ್ಚು ಕಡಿಮೆ ಆದರೆ ಹೆದರಬೇಡಿ. ಎಷ್ಟಿದೆ ಅಂತ ಬರೆದಿಡಿ.

5. ಮೊದಲ ಸುತ್ತು

ದಾರದಲ್ಲಿ ಒಂದು ಕುಣಿಕೆ ಮಾಡಿ ಕಡ್ಡಿಗೆ ಹಾಕಿ. ಕಡ್ಡಿಯನ್ನು ಅಡ್ಡದಾರದ ಕೆಳಗೆ ತೂರಿಸಿ. ದಾರವನ್ನು ಕೊಕ್ಕೆಗೆ ಸಿಕ್ಕಿಸಿ ಈಚೆಗೆ ಎಳೆಯಿರಿ. ಈಗ ಕಡ್ಡಿಯಲ್ಲಿ ಎರಡು ಕುಣಿಕೆ. ಮತ್ತೆ ದಾರ ಸಿಕ್ಕಿಸಿ, ಎರಡೂ ಕುಣಿಕೆಯ ಒಳಗಿಂದ ಎಳೆಯಿರಿ. ಕಡ್ಡಿಯಲ್ಲಿ ಒಂದೇ ಕುಣಿಕೆ ಉಳಿಯಿತು. ಇದು ಒಂದು ಒಂಟಿ ಹೆಣಿಗೆ. ಸಿಂಗಲ್ ಕ್ರೋಶ ಎನ್ನುವುದು ಇದಕ್ಕೇ.

ಸುತ್ತನ್ನು ಒಂದು ಮೂಲೆಯಿಂದ ಶುರು ಮಾಡಿ. ಆ ಮೂಲೆಯ ತುದಿಯಲ್ಲಿ ಈಗ 1 ಹೆಣಿಗೆ ಹಾಕಿ. ಆಮೇಲೆ ಪ್ರತಿ ಮನೆಗೆ 2 ಹೆಣಿಗೆ. ಮುಂದಿನ ಮೂರು ಮೂಲೆಯ ತುದಿಯಲ್ಲಿ 3 ಹೆಣಿಗೆ. ಸುತ್ತು ಬಂದು ಮೊದಲ ಮೂಲೆ ಸೇರಿದಾಗ ಉಳಿದ 2 ಹೆಣಿಗೆ ಹಾಕಿ. ಮೊದಲ ಹೆಣಿಗೆಗೆ ಕಡ್ಡಿ ತೂರಿಸಿ, ದಾರ ಎಳೆದು ಕೂಡಿಸಿ.

ಮೂಲೆಗೆ 3 ಯಾಕೆ? ಎತ್ತಿನ ಗಾಡಿ ತಿರುವಿನಲ್ಲಿ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಉರುಳುತ್ತದೆ. ಅಂಚೂ ಹಾಗೆ. ತಿರುಗುವ ಕಡೆ ಹೊರಗೆ ಹೆಚ್ಚು ದಾರ ಬೇಕು. ಕೊಡದಿದ್ದರೆ ಮೂಲೆ ಬಟ್ಟಲಿನ ಹಾಗೆ ಮುದುಡುತ್ತದೆ.

ಲೆಕ್ಕ ನೋಡಿ.
300 ಮನೆ × 2 = 600
4 ಮೂಲೆ × 3 = 12
ಒಟ್ಟು 612 ಹೆಣಿಗೆ.

ಎಣಿಸುವಾಗ ಯಾರಾದರೂ ಕರೆದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಪ್ರತಿ 50 ಹೆಣಿಗೆಗೆ ಬೇರೆ ಬಣ್ಣದ ಒಂದು ತುಂಡು ದಾರ ಕಟ್ಟಿ. ಪುಸ್ತಕದಲ್ಲಿ ಒಂದು ಗೀಟು ಎಳೆಯಿರಿ. ಒಲೆಯ ಮೇಲಿನ ಹಾಲು ನೋಡಿಕೊಂಡು ಬಂದರೂ ಲೆಕ್ಕ ಅಲ್ಲೇ ಇರುತ್ತದೆ.

6. ಮೊಗ್ಗಿನ ಸುತ್ತು

ಮೊದಲು ಒಂದು ಸರಪಳಿ ಹಾಕಿ. ಅಂದರೆ ದಾರವನ್ನು ಕೊಕ್ಕೆಗೆ ಸಿಕ್ಕಿಸಿ, ಕಡ್ಡಿಯ ಕುಣಿಕೆಯ ಒಳಗಿಂದ ಎಳೆಯಿರಿ. ಈಗ ಕೆಳಗಿನ ಸುತ್ತಿನ ಮೊದಲ ಹೆಣಿಗೆಯಿಂದಲೇ ಶುರು ಮಾಡಿ.

ಸಾಲಾಗಿ 3 ಹೆಣಿಗೆಯ ಮೇಲೆ 3 ಒಂಟಿ ಹೆಣಿಗೆ ಹಾಕಿ. ಆಮೇಲೆ 3 ಸರಪಳಿ ಹಾಕಿ. ಆ ಮೂರರಲ್ಲಿ ಮೊದಲನೆಯ ಸರಪಳಿಗೆ ಕಡ್ಡಿ ತೂರಿಸಿ ದಾರ ಎಳೆದು ಮುಚ್ಚಿ. ಮಲ್ಲಿಗೆ ಮೊಗ್ಗಿನ ಹಾಗೆ ಒಂದು ಗುಂಡು ಬರುತ್ತದೆ. ಮತ್ತೆ 3 ಹೆಣಿಗೆ, ಒಂದು ಮೊಗ್ಗು. ಹೀಗೇ ಸುತ್ತ ಬನ್ನಿ.

612 ÷ 3 = 204 ಮೊಗ್ಗು.

ನಾಲ್ಕು ಮೂಲೆಯ ತುದಿಯಲ್ಲೂ ಸರಿಯಾಗಿ ಒಂದೊಂದು ಮೊಗ್ಗು ಕೂರುತ್ತದೆ. 90 ಮತ್ತು 60 ಎರಡೂ ಅಂಕಿಗಳು 3ರಿಂದ ಭಾಗವಾಗುತ್ತವೆ. ಗುಟ್ಟು ಅಷ್ಟೇ. ಬೇರೆ ಅಳತೆಯ ಹೊದಿಕೆ ಮಾಡುವಾಗಲೂ 3ರಿಂದ ಭಾಗವಾಗುವ ಅಳತೆ ಹಿಡಿಯಿರಿ.

ಮುಗಿದ ಮೇಲೆ ಒಂದು ಗೇಣು ದಾರ ಬಿಟ್ಟು ಕತ್ತರಿಸಿ. ಕುಣಿಕೆಯಲ್ಲಿ ತೂರಿಸಿ ಎಳೆಯಿರಿ. ಸೂಜಿಯಿಂದ ಆ ತುದಿಯನ್ನು ಹೆಣಿಗೆಯ ಒಳಗೆ ಹೋಗಿ ಬಂದು ಮುಚ್ಚಿ. ಬರೀ ಗಂಟು ಹಾಕಿದರೆ ಒಗೆತದಲ್ಲಿ ಬಿಚ್ಚುತ್ತದೆ.

ಅಂಚು ನಿರಿಗೆ ನಿರಿಗೆಯಾಗಿ ಏಳುತ್ತಿದೆಯೇ? ಹೆಣಿಗೆ ಹೆಚ್ಚಾಗಿದೆ. ಹೊದಿಕೆ ಸುಕ್ಕಾಗಿ ಒಳಗೆ ಎಳೆಯುತ್ತಿದೆಯೇ? ಹೆಣಿಗೆ ಕಡಿಮೆ, ಅಥವಾ ಕೈ ಬಿಗಿ. ಒಂದು ಬದಿ ಮುಗಿದ ಕೂಡಲೇ ನೆಲದ ಮೇಲೆ ಹಾಸಿ ನೋಡಿ. ಆಗ ಬಿಚ್ಚುವುದೂ ಸುಲಭ.

7. ಅತ್ತೆ ಬರೆದ ಲೆಕ್ಕ

ಅಂಚು ಹಾಕಿದ್ದಾಯಿತು. ಮನೆಯ ಮಗುವಿಗಾದರೆ ಇಷ್ಟು ಸಾಕು. ಮಾರುವುದಾದರೆ ಇನ್ನೊಂದು ಲೆಕ್ಕ ಇದೆ. ಅದನ್ನು ತಿಳಿಯಲು ಒಂದು ಮನೆಯ ಮಾತು ಕೇಳೋಣ.

ಆ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಕ್ರೋಶ ಬಲ್ಲವರು. ಅತ್ತೆ ಕಲಿಕಾ ಕೇಂದ್ರಕ್ಕೆ ಹೋಗಿ ಈಗಷ್ಟೇ ಓದು ಬರಹ ಕಲಿತಿದ್ದಾರೆ. ಇಬ್ಬರೂ ಸೇರಿ ಮಾಡಿದ ಹೊದಿಕೆಯನ್ನು ಪೇಟೆಯ ಒಬ್ಬ ಅಂಗಡಿಯವರಿಗೆ ತೋರಿಸಿದರು. ಅಂಗಡಿಯವರು ಹೇಳಿದರು, "ಚೆನ್ನಾಗಿದೆ ಕಣಮ್ಮ. ಬಟ್ಟೆ ನಾನು ಕೊಡ್ತೀನಿ. ದಾರ ನಿಮ್ಮದು. ಒಂದು ಅಂಚಿಗೆ 100 ರೂಪಾಯಿ."

ಮನೆಗೆ ಬಂದ ಮೇಲೆ ಸೊಸೆ ಅಂದಳು, "ಒಪ್ಪಿಕೊಂಡುಬಿಡೋಣ ಅತ್ತೆ. ಮಧ್ಯಾಹ್ನ ಸುಮ್ಮನೆ ಕೂತಿರೋ ಹೊತ್ತಿನಲ್ಲಿ ಮಾಡೋದು ತಾನೆ?"

"ಸುಮ್ಮನೆ ಕೂತಿರೋ ಹೊತ್ತಾ? ಯಾವತ್ತು ಸುಮ್ಮನೆ ಕೂತಿದ್ದೀವಿ ನಾವು? ತಗೊಂಡು ಬಾ ಆ ಪುಸ್ತಕ."

ಪುಸ್ತಕದಲ್ಲಿ ಅತ್ತೆ ದಪ್ಪ ಅಕ್ಷರದಲ್ಲಿ ಬರೆದಿದ್ದರು.

ಸೋಮವಾರ. ಚುಕ್ಕಿ, ಸೂಜಿ ಹೊಲಿಗೆ. 2 ಗಂಟೆ.
ಮಂಗಳವಾರ. ಉಳಿದ ಹೊಲಿಗೆ, ಮೊದಲ ಸುತ್ತು. 2 ಗಂಟೆ.
ಬುಧವಾರ. ಮೊಗ್ಗಿನ ಸುತ್ತು. 2 ಗಂಟೆ.
ದಾರಕ್ಕೆ 40 ರೂಪಾಯಿ.

"ಒಟ್ಟು 6 ಗಂಟೆ ಆಯ್ತಲ್ಲ ಅತ್ತೆ!"

"ಹೂಂ. ಅವರು ಕೊಡೋ 100ರಲ್ಲಿ ದಾರದ 40 ಕಳಿ. ಎಷ್ಟು ಉಳೀತು?"

"60."

"60ನ್ನ 6 ಗಂಟೆಗೆ ಹಂಚು."

ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಗಂಟೆಗೆ ಹತ್ತೇ ರೂಪಾಯಿ ಅತ್ತೆ."

"ಇಬ್ಬರ ಕಣ್ಣು, ಬೆರಳು ಎಲ್ಲ ಸೇರಿ ಹತ್ತು ರೂಪಾಯಿ. ಕೆರೆ ಹೂಳು ತೆಗೆಯೋಕೆ ಹೋದಾಗ ಎಷ್ಟು ಕೂಲಿ ಇತ್ತು, ಹೇಳು?"

2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ದಿನಕ್ಕೆ 370 ರೂಪಾಯಿ ಕೂಲಿ ಗೊತ್ತು ಮಾಡಿದ್ದರು. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ದಿನಕ್ಕೆ 8 ಗಂಟೆ ಎಂದು ಹಿಡಿದರೆ, ಗಂಟೆಗೆ ಸುಮಾರು 46 ರೂಪಾಯಿ. ಅತ್ತೆ ಅದನ್ನೇ ಅಳತೆಗೋಲು ಮಾಡಿಕೊಂಡರು.

6 ಗಂಟೆ × 46 = 276
ದಾರ = 40
ಒಟ್ಟು 316 ರೂಪಾಯಿ.

"ಇಷ್ಟು ಕೇಳಿದ್ರೆ ಅಂಗಡಿಯವರು ಕೊಡ್ತಾರಾ?" ಸೊಸೆಗೆ ಅನುಮಾನ.

"ಕೊಡದೇ ಇರಬಹುದು. ಆದರೆ ನಮ್ಮ ಕೆಲಸದ ಬೆಲೆ ನಮಗಾದ್ರೂ ಗೊತ್ತಿರಬೇಕು. ಗೊತ್ತಿಲ್ಲದೆ ಚೌಕಾಸಿಗೆ ಕೂರಬಾರದು. ಮೊಗ್ಗಿನ ಸುತ್ತು ಬಿಟ್ಟು ಸಾದಾ ಅಂಚು ಹಾಕಿದ್ರೆ ಎಷ್ಟಾಗುತ್ತೆ, ನೋಡು."

ಸಾದಾ ಅಂಚಿಗೆ 4 ಗಂಟೆ, 25 ರೂಪಾಯಿ ದಾರ.
4 × 46 = 184
184 + 25 = 209 ರೂಪಾಯಿ.

ಮಾರನೆಯ ದಿನ ಇಬ್ಬರೂ ಪುಸ್ತಕ ತೆಗೆದುಕೊಂಡೇ ಅಂಗಡಿಗೆ ಹೋದರು. ಸಾದಾ ಅಂಚಿಗೆ 210, ಮೊಗ್ಗಿನ ಅಂಚಿಗೆ 320 ಎಂದರು. ಅಂಗಡಿಯವರು ನಕ್ಕರು. ಅತ್ತೆ ಪುಸ್ತಕ ಬಿಚ್ಚಿ ಗಂಟೆ, ದಾರ, ಕೂಲಿ ಎಲ್ಲ ಓದಿದರು. ಅಂಗಡಿಯವರು ನಗು ನಿಲ್ಲಿಸಿ ಕೇಳಿದರು. ಕೊನೆಗೆ ಸಾದಾ ಅಂಚಿಗೆ 200 ರೂಪಾಯಿಗೆ ಒಪ್ಪಿದರು. ಮೊಗ್ಗಿನ ಅಂಚು ಯಾರಾದರೂ ಹೇಳಿ ಮಾಡಿಸಿದರೆ ಮಾತ್ರ, 320ಕ್ಕೆ.

ಕೇಳಿದ್ದಷ್ಟೂ ಸಿಗಲಿಲ್ಲ. ಆದರೆ ಗಂಟೆಗೆ 10 ಇದ್ದದ್ದು 43ರ ಮೇಲಾಯಿತು. ಕೈ ಪಳಗಿದಂತೆ ಹೊತ್ತು ಕಡಿಮೆ ಹಿಡಿಯುತ್ತದೆ. ಆಗ ಇನ್ನೂ ಹೆಚ್ಚು ಸಿಗುತ್ತದೆ.

ಇಲ್ಲಿ ಹೇಳಿದ ದಾರದ ಬೆಲೆ, ಅಂಗಡಿಯ ದರ ಬರೀ ಉದಾಹರಣೆಗೆ. ನಿಮ್ಮ ಊರಿನ ಬೆಲೆ ಹಾಕಿ ನೀವೇ ಲೆಕ್ಕ ಮಾಡಿ.

8. ನರಸಾಪುರದ ಹೆಂಗಸರು

"ಬಿಡುವಿನ ಹೊತ್ತಿನ ಕೆಲಸ" ಎಂಬ ಮಾತು ಎಷ್ಟು ದುಬಾರಿ ಎಂದು ತಿಳಿಯಲು ನರಸಾಪುರದ ಕಥೆ ಕೇಳಿ.

ನರಸಾಪುರ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿದೆ. ಅಲ್ಲಿ ಸುತ್ತಮುತ್ತಲ ಹಳ್ಳಿಯ ಹೆಂಗಸರು ಮನೆಯಲ್ಲೇ ಕೂತು ಕ್ರೋಶ ಲೇಸು ಹೆಣೆಯುತ್ತಾರೆ. 19ನೇ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಈ ಕೆಲಸ ಕಲಿಸಿದರು. ಹೆಣೆದ ಲೇಸು ಹಡಗು ಹತ್ತಿ ಹೊರದೇಶಕ್ಕೆ ಹೋಯಿತು.

ಮರಿಯಾ ಮೀಸ್ ಎಂಬ ಜರ್ಮನಿಯ ವಿದ್ವಾಂಸರು ಅಲ್ಲಿಗೆ ಬಂದು ಆ ಹೆಂಗಸರ ಬದುಕನ್ನು ನೋಡಿದರು. 1982ರಲ್ಲಿ ಅದರ ಮೇಲೆ ಪುಸ್ತಕ ಬರೆದರು. ಲೇಸು ಮಾರಿದವರು ಲಾಭ ಮಾಡಿದರು. ಹೆಣೆದವರಿಗೆ ಸಿಕ್ಕ ಕೂಲಿ ತೀರ ಕಡಿಮೆ. ಯಾಕೆ? ಇವರು ಕೆಲಸಗಾರರಲ್ಲ, ಮನೆಯಲ್ಲಿ ಕೂತ ಗೃಹಿಣಿಯರು, ಬಿಡುವಿನಲ್ಲಿ ಹೆಣೆಯುತ್ತಾರೆ ಎಂದು ಎಲ್ಲರೂ ಎಣಿಸಿದ್ದರು. ಹೊತ್ತಿನ ಲೆಕ್ಕವೇ ಇರಲಿಲ್ಲ.

2024ರಲ್ಲಿ ನರಸಾಪುರದ ಕ್ರೋಶ ಲೇಸಿಗೆ ಭೌಗೋಳಿಕ ಗುರುತು ಸಿಕ್ಕಿತು. ಮೈಸೂರು ರೇಷ್ಮೆ, ಇಳಕಲ್ ಸೀರೆಗೆ ಇರುವಂಥ ಗುರುತು ಇದು. ಊರಿನ ಹೆಸರಿಗೆ ಬೆಲೆ ಬಂತು. ಹೆಣೆಯುವ ಕೈಗೂ ಬೆಲೆ ಬರಬೇಕಾದರೆ ಹೊತ್ತನ್ನು ಎಣಿಸಬೇಕು. ಎಣಿಸಿದ್ದನ್ನು ಬರೆಯಬೇಕು. ಬರೆದದ್ದನ್ನು ಓದಿ ಹೇಳಬೇಕು.

9. ಜೋಪಾನ

ಫ್ಲೀಸಿಗೆ ಇಸ್ತ್ರಿ ಹಾಕಬೇಡಿ. ಬಿಸಿಗೆ ನವಿರು ಕರಗಿ ಗಟ್ಟಿಯಾಗುತ್ತದೆ.

ಒಲೆ, ದೀಪ, ಬೀಡಿಯ ಕಿಡಿಯಿಂದ ದೂರ ಇಡಿ. ಫ್ಲೀಸಿಗೆ ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಈ ಹೊದಿಕೆ ಹೊದ್ದುಕೊಂಡು ಒಲೆಯ ಮುಂದೆ ಕೂರಬೇಡಿ.

ತಣ್ಣೀರಲ್ಲಿ ಒಗೆಯಿರಿ. ಕಲ್ಲಿಗೆ ಬಡಿಯಬೇಡಿ. ನೆರಳಲ್ಲಿ ಒಣಗಿಸಿ.

ಮಗುವಿನ ಹೊದಿಕೆಗೆ ಕುಚ್ಚು, ಮಣಿ, ಗುಂಡಿ ಬೇಡ. ಮಗು ಬಾಯಿಗೆ ಹಾಕುತ್ತದೆ. ಅಂಚಿನಲ್ಲಿ ದೊಡ್ಡ ದೊಡ್ಡ ಕಂಡಿ ಬೇಡ. ಎಳೆ ಬೆರಳು ಸಿಕ್ಕಿಕೊಳ್ಳುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಹೊದಿಕೆ ಹೊದಿಸಿ ಒಂಟಿಯಾಗಿ ಮಲಗಿಸಬೇಡಿ. ಮುಖದ ಮೇಲೆ ಬಂದರೆ ಉಸಿರು ಕಟ್ಟುತ್ತದೆ. ಎತ್ತಿಕೊಂಡಾಗ ಸುತ್ತಿಕೊಳ್ಳಿ. ಮಲಗಿಸಿದಾಗ ಮೈತುಂಬ ಬೆಚ್ಚನೆಯ ಅಂಗಿ ಹಾಕಿ.

ಅಭ್ಯಾಸ

ಓದಿ ಉತ್ತರ ಹೇಳಿ.
1. ಫ್ಲೀಸನ್ನು ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ. ಯಾಕೆ?
2. ಮೂಲೆಗೆ 3 ಹೆಣಿಗೆ ಹಾಕದಿದ್ದರೆ ಏನಾಗುತ್ತದೆ?
3. "ಸುಮ್ಮನೆ ಕೂತಿರೋ ಹೊತ್ತು" ಎಂದಾಗ ಅತ್ತೆ ಒಪ್ಪಲಿಲ್ಲ. ನೀವೇನು ಹೇಳುತ್ತೀರಿ?

ಲೆಕ್ಕ ಮಾಡಿ.
4. ದೊಡ್ಡವರ ಕಾಲು ಮುಚ್ಚುವ ಹೊದಿಕೆ 120 ಸೆಂಟಿಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ. ಸುತ್ತ ಎಷ್ಟು ಮನೆ? ಎಷ್ಟು ಹೆಣಿಗೆ? ಎಷ್ಟು ಮೊಗ್ಗು?
5. ಒಂದು ಅಂಚಿಗೆ 5 ಗಂಟೆ ಹಿಡಿಯಿತು. ದಾರಕ್ಕೆ 30 ರೂಪಾಯಿ. ಗಂಟೆಗೆ 46ರಂತೆ ಎಷ್ಟು ಕೇಳಬೇಕು?

ಬರೆಯಿರಿ.
6. ನೀವು ನಿನ್ನೆ ಮಾಡಿದ ಕೆಲಸಗಳನ್ನು ಒಂದರ ಕೆಳಗೆ ಒಂದು ಬರೆಯಿರಿ. ಪಕ್ಕದಲ್ಲಿ ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯಿರಿ. ಕೂಡಿ ನೋಡಿ. ಮನೆಯವರಿಗೂ ಓದಿ ಹೇಳಿ.

ಲೆಕ್ಕದ ಉತ್ತರ: 4. 420 ಮನೆ, 852 ಹೆಣಿಗೆ, 284 ಮೊಗ್ಗು. 5. 260 ರೂಪಾಯಿ.